ಮೋಹನರಾಜ ಎಂಬ ಹೆಸರಿನ ಸೋಲ್ಜರ್

ಆಗಸ್ಟ್ 27, 2025

ದೊಡ್ಡಮ್ಮನಿಗೆ ನಿಶಿತಾಳ ನಮಸ್ಕಾರಗಳು.

ಫೋನಿನಲ್ಲಿ ನಾನು ಬರೀ "ಹೂಂ, ಹೂಂ" ಅನ್ನುತ್ತೇನೆ, ಅದಕ್ಕೇ ಕಾಗದ ಬರಿ ಎಂದಿರಿ. ಬರೆಯುತ್ತಿದ್ದೇನೆ. ಹಾಸನದ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಮನೆಗೆ ಕಾಗದ ಬರೆಸುತ್ತಿದ್ದರು. ಆದರೆ ವಾರ್ಡನ್ ಎಲ್ಲವನ್ನೂ ಓದಿಯೇ ಪೋಸ್ಟ್ ಮಾಡುತ್ತಿದ್ದರು. ಹಾಗಾಗಿ ಊಟ ಚೆನ್ನಾಗಿದೆ, ಓದು ಚೆನ್ನಾಗಿದೆ ಎನ್ನುವುದರ ಆಚೆಗೆ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಬೈಯಬೇಡಿ.

ಆಸ್ಟಿನ್ ಏರ್‌ಪೋರ್ಟಿನಿಂದ ಇರಣ್ಣ ಅಂಕಲ್ ಅವರೇ ಕರೆದುಕೊಂಡು ಬಂದರು. ಅವರ ಮನೆಯ ಹಿಂದಿನ ರೂಮು ನನ್ನದು. ಮುಂದೆ ಅವರ ಟೈಲರ್ ಅಂಗಡಿ. ಆರ್ಮಿ ಬೇಸಿನ ಗೇಟು ಅಂಗಡಿಯಿಂದ ಕಾಣುತ್ತದೆ. ಸೋಲ್ಜರ್‌ಗಳು ಯೂನಿಫಾರ್ಮಿಗೆ ಹೆಸರಿನ ಪಟ್ಟಿ ಹೊಲಿಸಲು ಇಲ್ಲಿಗೇ ಬರುತ್ತಾರೆ. ಕಾಲೇಜು ಎರಡು ಬಸ್‌ಸ್ಟಾಪಿನಾಚೆ.

ಕಾಲೇಜು ನಾನು ಅಂದುಕೊಂಡ ಹಾಗಿಲ್ಲ. ಆಲ್ಜೀಬ್ರಾ ಕ್ಲಾಸಿನಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ, ಪಕ್ಕದಲ್ಲಿ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ಹಿಂದಿನ ಎರಡು ಸಾಲು ಪೂರ್ತಿ ಯೂನಿಫಾರ್ಮಿನವರು. ಅವರ ಬೂಟಿನ ಒಣಮಣ್ಣು ನೆಲದ ಮೇಲೆ ಬಿಲ್ಲೆಬಿಲ್ಲೆಯಾಗಿ ಬಿದ್ದಿರುತ್ತದೆ. ಮೊದಲ ದಿನ ಮೇಡಂ ಒಳಗೆ ಬಂದಾಗ ನಾನು ಎದ್ದು ನಿಂತೆ. ನಾನೊಬ್ಬಳೇ. ಮೇಡಂ "ಏನಾದರೂ ಬೇಕಾ?" ಎಂದರು. ಏನೂ ಬೇಡ ಎಂದು ಕೂತೆ. ಡೌಟ್ ಇದ್ದರೂ ಆಮೇಲೆ ಕೈ ಎತ್ತಲಿಲ್ಲ.

ಆ ಡೌಟುಗಳು ಇರಲಿ. ನಿಮ್ಮನ್ನು ಕೇಳಬೇಕಾದವು ಎರಡಿವೆ. ಕಾಗದವನ್ನು ಪೇರ್‌ಲ್ಯಾಂಡಿನ ಮನೆಗೆ ಕಳಿಸದೆ ನಿಮ್ಮ ಆಸ್ಪತ್ರೆಯ ವಾರ್ಡಿಗೆ ಯಾಕೆ ಕಳಿಸಬೇಕು? ಇನ್ನೊಂದು ಇರಣ್ಣ ಅಂಕಲ್ ಹುಟ್ಟಿಸಿದ ಡೌಟು. ದಾರಿಯಲ್ಲಿ ಕೇಳಿದರು: "ನಿಮ್ಮ ದೊಡ್ಡವ್ವಗ ತನ್ನ ಮನಿ ಸಮೀಪ ಹ್ಯೂಸ್ಟನ್ನಿನ್ಯಾಗ ಕಾಲೇಜು ಸಿಗಲಿಲ್ಲೇನವಾ? ಇಂಥಾವು ಅಲ್ಲಿ ಓಣಿಗೊಂದು ಅದಾವು. ಮೂರು ತಾಸಿನ ಹಾದಿ, ಇಲ್ಲಿ ತಂದು ಬಿಟ್ಟಾರಲ್ಲ." ನನಗೂ ಉತ್ತರ ಗೊತ್ತಿರಲಿಲ್ಲ. ಯಾಕೆ ದೊಡ್ಡಮ್ಮ?

ನಿಮ್ಮ
ನಿಶಿತಾ


ಸೆಪ್ಟೆಂಬರ್ 3, 2025

ಪುಟ್ಟಿ,

ಕಾಗದ ತಲುಪಿತು. ಮನೆಯ ಮೇಲ್‌ಬಾಕ್ಸಿನ ಬೀಗ ಕೆಟ್ಟಿದೆ, ಅದಕ್ಕೇ ವಾರ್ಡಿನ ಅಡ್ರೆಸ್. ಆ ಕಾಲೇಜಿನಲ್ಲಿ ಕ್ಲಾಸುಗಳು ಚಿಕ್ಕವು, ಮೇಷ್ಟ್ರುಗಳಿಗೆ ಪುರುಸೊತ್ತಿರುತ್ತದೆ ಎಂದು ಕೇಳಿದ್ದೆ. ನಿನ್ನಂಥ ಹೆದರುಪುಕ್ಕಲಿಗೆ ಅದೇ ಸರಿ. ಅಷ್ಟೇ.

ಸೋಲ್ಜರ್‌ಗಳ ಬಗ್ಗೆ ಇನ್ನಷ್ಟು ಬರಿ. ಹೇಗಿರುತ್ತಾರೆ? ಹೊಟ್ಟೆಗೆ ಸರಿಯಾಗಿ ತಿಂದವರ ಹಾಗೆ ಕಾಣುತ್ತಾರಾ? ತೂಕಡಿಸುತ್ತಾರಾ? ತಮ್ಮತಮ್ಮಲ್ಲಿ ನಗುತ್ತಾರಾ, ಇಲ್ಲ ಸುಮ್ಮನಿರುತ್ತಾರಾ? ನಮ್ಮ ದೇಶದ ಹುಡುಗರೂ ಇದ್ದಾರಾ? ನಾನು ನರ್ಸು, ಜನ ಹೇಗಿದ್ದಾರೆ ಅಂತ ಕೇಳುವುದು ಅಭ್ಯಾಸ, ಬೇರೇನೂ ಅಂದುಕೊಳ್ಳಬೇಡ.

ದೊಡ್ಡಪ್ಪ ಚೆನ್ನಾಗಿದ್ದಾರೆ. ನಮ್ಮ ದುಷ್ಯಂತ್ ಡಲ್ಲಾಸಿನಲ್ಲೇ ಇದ್ದಾನೆ, ಕೆಲಸ ಜಾಸ್ತಿಯಂತೆ.

ದೊಡ್ಡಮ್ಮ


ಸೆಪ್ಟೆಂಬರ್ 10, 2025

ದೊಡ್ಡಮ್ಮ,

ನಿಮ್ಮ ಪ್ರಶ್ನೆಗಳನ್ನು ಓದಿ ನಾನೂ ಅವರನ್ನು ಗಮನವಿಟ್ಟು ನೋಡತೊಡಗಿದೆ. ಚೆನ್ನಾಗಿ ತಿನ್ನುತ್ತಾರೆ, ಆದರೆ ನಿಂತುಕೊಂಡೇ. ತೂಕಡಿಸುತ್ತಾರೆ, ಬೆನ್ನು ಮಾತ್ರ ನೆಟ್ಟಗೇ ಇರುತ್ತದೆ. ಆ ವಿದ್ಯೆ ನನಗೂ ಗೊತ್ತು, ಬೆಳಗಿನ ಸ್ಟಡಿ ಅವರ್‌ನಲ್ಲಿ ಕಲಿತದ್ದು.

ಸಂಜೆ ಬೇಲಿಯಾಚೆಯ ಬೇಸಿನಿಂದ ಕಹಳೆ ಕೇಳಿಸುತ್ತದೆ. ಅದು ಬಾವುಟ ಇಳಿಸುವ ಹೊತ್ತು. ಮೊನ್ನೆ ಪಾರ್ಕಿಂಗಿನಲ್ಲಿ ನಡೆಯುತ್ತಿದ್ದ ಸೋಲ್ಜರ್‌ಗಳೆಲ್ಲ ನಿಂತಲ್ಲೇ ನಿಂತರು. ನನ್ನ ಕಾಲುಗಳೂ ತಾವಾಗಿಯೇ ಜೋಡಿಸಿಕೊಂಡವು. ಹಾಸ್ಟೆಲಿನಲ್ಲಿ ಪ್ರೇಯರ್ ಬೆಲ್ ಹೊಡೆದರೆ ಬಕೆಟ್ ಹಿಡಿದವಳು ಬಕೆಟ್ ಹಿಡಿದೇ ನಿಲ್ಲಬೇಕಿತ್ತಲ್ಲ. ಪಕ್ಕದಲ್ಲಿದ್ದ ಸೋಲ್ಜರ್ ಹುಡುಗಿ ಕೇಳಿದಳು, "ಯಾವ ಯೂನಿಟ್ ನಿಂದು?"

"ಹಾಸನ ಗರ್ಲ್ಸ್ ಹಾಸ್ಟೆಲ್," ಎಂದೆ.

"ಕೇಳೇ ಇಲ್ಲ. ಟಫ್ಫಾ?"

"ವೆರಿ," ಎಂದೆ. ತಲೆಯಾಡಿಸಿ ಹೋದಳು.

ನಮ್ಮ ಕಡೆಯ ಹುಡುಗರಿದ್ದಾರಾ ಎಂದು ಕೇಳಿದ್ದಿರಿ. ಒಬ್ಬನಿದ್ದಾನೆ. ಕ್ಲಾಸಿನಲ್ಲಿ ಕೇಳಲು ಹೆದರಿ ನಾನು ಲೆಕ್ಕ ಹೇಳಿಸಿಕೊಳ್ಳಲು ಮ್ಯಾಥ್ ಲ್ಯಾಬಿಗೆ ಹೋಗುತ್ತೇನೆ. ಅವನೂ ಅಲ್ಲಿಗೆ ಬರುತ್ತಾನೆ, ತಿಳಿಯದವರಿಗೆ ಲೆಕ್ಕ ಹೇಳಿಕೊಡುತ್ತಾನೆ. ಇವರ ಎದೆಯ ಮೇಲೆ ಕೊನೆಯ ಹೆಸರು ಮಾತ್ರ ಹೊಲಿದಿರುತ್ತದೆ, ಎಲ್ಲರೂ ಕರೆಯುವುದೂ ಅದನ್ನೇ. ಇವನದು ಏನು ಗೊತ್ತಾ, ಮೋಹನರಾಜ. ಇಂಗ್ಲಿಷಿನ ಹತ್ತು ಅಕ್ಷರ, ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ.

ಇರಣ್ಣ ಅಂಕಲ್‌ಗೆ ಹೇಳಿದೆ. "ಅದನ್ನ ಹೊಲಿದಾಂವ ನಾನs ನೋಡವಾ. ಹೆಸರು ಉದ್ದ, ಪಟ್ಟಿ ಗಿಡ್ಡ, ಸಾಕುಸಾಕಾತು. ಕನ್ನಡದಾಗ ಮಾತಾಡಿಸಿದೆ. ಎಲ್ಲಾ ತಿಳೀತದ ಅಂವಗ. ಬಾಯಿ ಬಿಟ್ರ ಇಂಗ್ಲಿಷ್," ಎಂದರು.

ದೊಡ್ಡಪ್ಪನ ಹೆಸರೂ ಅದೇ, ದುಷ್ಯಂತ್ ಅಣ್ಣನ ಹೆಸರಿನ ಕೊನೆಯಲ್ಲೂ ಅದೇ ಬರುತ್ತದೆ. ನಮ್ಮವರು ಅಪ್ಪನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರೆ ಇಲ್ಲಿ ಹೀಗಾಗುತ್ತದೆ ನೋಡಿ: ಇವನ ಅಪ್ಪ ಎಲ್ಲಿದ್ದಾರೋ, ಇಲ್ಲಿ ದಿನವಿಡೀ ಸಾರ್ಜೆಂಟುಗಳು ಅವರ ಹೆಸರು ಹಿಡಿದು ಗದರುತ್ತಿರುತ್ತಾರೆ. ಟೆಕ್ಸಾಸಿನಲ್ಲಿ ಎಷ್ಟು ಜನ ಮೋಹನರಾಜರಿದ್ದಾರೆ ದೊಡ್ಡಮ್ಮ?

ನಿಶಿತಾ


ಸೆಪ್ಟೆಂಬರ್ 13, 2025

ನಿಶಿ,

ಆ ಹುಡುಗನ ಎಡಹುಬ್ಬಿನ ಮೇಲೆ ಹೊಲಿಗೆಯ ಗುರುತಿದೆಯಾ ನೋಡು. ಇದ್ದೇ ಇರುತ್ತದೆ. ಸೈಕಲ್ಲಿನಿಂದ ಬಿದ್ದದ್ದು. ಅವನು ನಮ್ಮ ದುಷ್ಯಂತ್.

ಅವನು ಡಲ್ಲಾಸಿನಲ್ಲಿಲ್ಲ. ಎರಡು ವರ್ಷದ ಹಿಂದೆ ಅಲ್ಲಿನ ಯೂನಿವರ್ಸಿಟಿ ಬಿಟ್ಟು, ಪಕ್ಕದ ಕ್ಯಾರಲ್ಟನ್ನಿನ ರೂಮು ಖಾಲಿ ಮಾಡಿ, ನಮಗೊಂದು ಮಾತೂ ಹೇಳದೆ ಆರ್ಮಿಗೆ ಸೈನ್ ಮಾಡಿದ. ಮನೆಗೆ ಬಂದು ಹೇಳಿದಾಗ ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಟ್ಟೆ ಎತ್ತಿಟ್ಟು ಮಹಡಿ ಹತ್ತಿ ಹೋದರು. ಅವತ್ತಿನಿಂದ ಅವನ ಹೆಸರೆತ್ತಿಲ್ಲ. ಗಂಡನ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ, ಮಗನ ಹೆಸರು ಅವರು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಎಷ್ಟು ಮಾತು ಉಳಿದಿರಬಹುದು ನೀನೇ ಯೋಚಿಸು.

ತಪ್ಪು ಅವರೊಬ್ಬರದೇ ಅಲ್ಲ. ಹೊರಡುವಾಗ ಬಾಗಿಲಲ್ಲಿ ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, "ನಾಲ್ಕು ಜನಕ್ಕೆ ಏನು ಹೇಳ್ಲಿ?" "ಡಲ್ಲಾಸಲ್ಲಿದಾನೆ ಅಂತ ಹೇಳು," ಅಂದ. ಇಲ್ಲಿನ ಮೀನಾಕ್ಷಿ ಗುಡಿಯಲ್ಲಿ ಯಾರು ಕೇಳಿದರೂ ಅದನ್ನೇ ಹೇಳುತ್ತಾ ಬಂದಿದ್ದೇನೆ. ಆಮೇಲೆ ನನ್ನ ಯಾವ ಮೆಸೇಜಿಗೂ ಅವನು ಉತ್ತರ ಕೊಟ್ಟಿಲ್ಲ.

ಅವನ ಸ್ನೇಹಿತ ಅಮರ್ ಆಗಾಗ ಸುದ್ದಿ ಕೊಡುತ್ತಾನೆ. ದುಷ್ಯಂತ್ ಆ ಕಾಲೇಜಿನಲ್ಲಿ ಓದುತ್ತಿದ್ದಾನೆಂದು ಅಮರನಿಂದಲೇ ಗೊತ್ತಾದದ್ದು. ನಿನ್ನನ್ನು ಅಲ್ಲಿಗೆ ಸೇರಿಸಿದ್ದು ಅದಕ್ಕೇ. ಮೇಲ್‌ಬಾಕ್ಸಿನ ಬೀಗವೂ ನೆಟ್ಟಗಿದೆ. ಮನೆಗೆ ಬಂದದ್ದನ್ನೆಲ್ಲ ದೊಡ್ಡಪ್ಪನೇ ಒಡೆಯುತ್ತಾರೆ. ನವೆಂಬರಿನಲ್ಲಿ ಇವನ ಯೂನಿಟ್ ಒಂಬತ್ತು ತಿಂಗಳಿಗೆ ಹೊರದೇಶಕ್ಕೆ ಹೋಗುತ್ತದಂತೆ. ಅಷ್ಟರೊಳಗೆ ಒಂದು ಸಲ ಅವನನ್ನು ನೋಡಬೇಕು. ಹೇಳದೆ ಕೇಳದೆ ಬಂದರೆ ಮುಖ ತಿರುಗಿಸಿ ಹೋಗುತ್ತಾನೋ ಎಂದು ಭಯ.

ನೀನು ಯಾರೆಂದು ಹೇಳಬೇಡ. ಸುಮ್ಮನೆ ನೋಡಿ ಬರಿ.

ದೊಡ್ಡಮ್ಮ


ಸೆಪ್ಟೆಂಬರ್ 24, 2025

ದೊಡ್ಡಮ್ಮ,

ತಡವಾಯಿತು. ನಿಜ ಹೇಳುತ್ತೇನೆ, ಕೋಪ ಬಂದಿತ್ತು. ನನ್ನ ಓದಿಗೆಂದು ಕಾಲೇಜು ಹುಡುಕಿದಿರಿ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು. ನಿಮಗೆ ಬೇಕಿದ್ದದ್ದು ಒಂದು ಕಿಟಕಿ.

ಆದರೆ ಕಿಟಕಿಗೂ ಕುತೂಹಲ ಇರುತ್ತದೆ. ಹುಬ್ಬಿನ ಮೇಲೆ ಗುರುತಿದೆ. ನನ್ನನ್ನು ಅವನು ಕೊನೆಯ ಸಲ ನೋಡಿದ್ದು ನಾನು ತೊಟ್ಟಿಲಲ್ಲಿದ್ದಾಗ, ಗುರುತು ಹಿಡಿಯಲಿಲ್ಲ. ಇಲ್ಲಿ ಎಲ್ಲರೂ ನನ್ನನ್ನು ನಿಶ್ ಅನ್ನುತ್ತಾರೆ, ಅದೂ ಒಳ್ಳೆಯದಾಯಿತು.

ಇಂಗ್ಲಿಷ್ ಕ್ಲಾಸಿನಲ್ಲಿ ನಮಗಿಂತ ಬೇರೆ ಥರದವರೊಬ್ಬರನ್ನು ಇಂಟರ್‌ವ್ಯೂ ಮಾಡಿ ಬರೆಯಿರಿ ಎಂದಿದ್ದಾರೆ. ಧೈರ್ಯ ಮಾಡಿ ಅವನನ್ನೇ ಕೇಳಿದೆ. ಯಾಕೆ ಆರ್ಮಿ ಎಂದಾಗ ಮೊದಲು "ಫ್ರೀ ಬೂಟ್ಸ್" ಅಂದ. ನಾನು ಬರೆದುಕೊಂಡೆ. "ಅದನ್ನ ಬರೀಬೇಡ ಮಾರಾಯ್ತಿ" ಎನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಅಂದ. ಆಮೇಲೆ ಪೆನ್ನು ತಿರುಗಿಸುತ್ತಾ ನಿಧಾನವಾಗಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

ಡಲ್ಲಾಸಿನಲ್ಲಿ ಎರಡು ಸೆಮಿಸ್ಟರ್ ಅವನು ರೂಮಿನಿಂದ ಹೊರಗೇ ಬರಲಿಲ್ಲವಂತೆ. ಕ್ಲಾಸಿಗೆ ಹೋಗಲಿಲ್ಲ, ಪರೀಕ್ಷೆ ಬರೆಯಲಿಲ್ಲ. ಮನೆಯಿಂದ ಫೋನ್ ಬಂದರೆ ಎಲ್ಲ ಫೈನ್ ಅನ್ನುತ್ತಿದ್ದನಂತೆ, ಅವರೂ ಫೈನ್ ಅಂದುಕೊಂಡರಂತೆ. "ಇಲ್ಲಿ ಬೆಳಿಗ್ಗೆ ನಾನು ಕೆಳಗೆ ಬರಲಿಲ್ಲ ಅಂದ್ರೆ ಯಾರೋ ಒಬ್ಬ ಬಂದು ಬಾಗಿಲು ಬಡೀತಾನೆ. ಬೈತಾನೆ, ಆದ್ರೆ ಬಡೀತಾನೆ. ಐ ನೀಡೆಡ್ ದಟ್," ಎಂದ.

ನಾನು ಬರೆಯುವುದನ್ನು ನಿಲ್ಲಿಸಿದೆ. ನನಗೂ ಇಲ್ಲಿ ಬಂದ ಮೇಲೆ ಅದೇ ಕಷ್ಟ. ಹಾಸ್ಟೆಲಿನಲ್ಲಿ ಒಂದು ಹೊತ್ತು ಮೆಸ್ಸಿಗೆ ಹೋಗದಿದ್ದರೆ ಹತ್ತು ಜನ ಕೇಳುತ್ತಿದ್ದರು. ಇಲ್ಲಿ ಶನಿವಾರ ಭಾನುವಾರ ನಾನು ರೂಮಿನಲ್ಲಿದ್ದೇನೋ ಇಲ್ಲವೋ ಇರಣ್ಣ ಅಂಕಲ್‌ಗೂ ಗೊತ್ತಾಗುವುದಿಲ್ಲ. ಇದನ್ನು ನಾನು ಅಮ್ಮನಿಗೆ ಬರೆದಿಲ್ಲ. ನೀವೂ ಹೇಳಬೇಡಿ.

ಯಾವ ಊರು ಎಂದು ಕೇಳಿದ. ಹಾಸನ ಎಂದೆ. "ನಮ್ಮಮ್ಮನ ಕಡೆಯವರೂ ಅಲ್ಲಿಯವರೇ," ಅಂದ. ನಾನು ಮುಂದಿನ ಪ್ರಶ್ನೆಗೆ ಹೋದೆ.

ನಿಶಿತಾ


ಅಕ್ಟೋಬರ್ 1, 2025

ಪುಟ್ಟಿ,

ನಿನ್ನ ಕಾಗದವನ್ನು ಬ್ರೇಕ್ ರೂಮಿನಲ್ಲಿ ಓದಿದೆ. ಡ್ಯೂಟಿಯಲ್ಲಿ ಗಂಟೆಗೊಮ್ಮೆ ಎಲ್ಲರ ಬಾಗಿಲು ತಟ್ಟಿ ಹೇಗಿದ್ದೀರಿ ಎಂದು ಕೇಳುವವಳು ನಾನು. ಫೈನ್ ಅಂದವರನ್ನು ನಂಬದೆ ನಾಡಿ ಹಿಡಿದು ನೋಡುತ್ತೇನೆ. ಇನ್ನು ಇದರ ಬಗ್ಗೆ ಬರೆಯಲಾರೆ.

ಇದರ ಜೊತೆ ಒಂದು ಪಾರ್ಸೆಲ್ ಬಂದಿರುತ್ತದೆ. ಚಕ್ಕುಲಿ, ನಿಪ್ಪಟ್ಟು, ಪುಳಿಯೋಗರೆ ಗೊಜ್ಜು. ನಿನಗೂ ಸೇರಿಸಿಯೇ ಇಟ್ಟಿದ್ದೇನೆ. ಅವನಿಗೆ ಕೊಡು, ನಿನ್ನ ಮನೆ ಓನರ್ ಆಂಟಿ ಮಾಡಿದ್ದು ಅನ್ನು. ನನ್ನ ಸುದ್ದಿ ಎತ್ತಬೇಡ. ಮೊದಲು ಅವನು ತಿನ್ನಲಿ, ಆಮೇಲೆ ನೋಡೋಣ.

ವಾರಾಂತ್ಯಕ್ಕೆ ನಾನು ನಿನಗೆ ಫೋನ್ ಮಾಡುತ್ತೇನೆ. "ಹೂಂ" ಅಂದರೂ ಸರಿ, ಎತ್ತು.

ದೊಡ್ಡಮ್ಮ


ಅಕ್ಟೋಬರ್ 9, 2025

ದೊಡ್ಡಮ್ಮ,

ನಾನು ಕೆಲಸ ಕೆಡಿಸಿದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಹಾಸ್ಟೆಲಿನಲ್ಲಿ ಯಾರ ಮನೆಯಿಂದ ಪಾರ್ಸೆಲ್ ಬಂದರೂ ಅದನ್ನು ಎಲ್ಲರ ನಡುವೆ ಇಟ್ಟೇ ಒಡೆಯಬೇಕು. ಪಾರ್ಸೆಲ್ಲಿನವಳು ಕೊನೆಗೆ ತಿನ್ನಬೇಕು. ಒಬ್ಬಳೇ ಮೂಲೆಯಲ್ಲಿ ಬಿಚ್ಚಿದರೆ ವರ್ಷವಿಡೀ ಅವಳನ್ನು ಇಲಿ ಅಂತ ಕರೆಯುತ್ತಿದ್ದರು. ಅವನೊಬ್ಬನಿಗೆ ಗುಟ್ಟಾಗಿ ಕೊಡು ಎಂದು ನೀವು ಬರೆದಿರಲಿಲ್ಲ, ಬರೆದಿದ್ದರೂ ನನ್ನ ಕೈ ಕೇಳುತ್ತಿತ್ತೋ ಇಲ್ಲವೋ. ಮ್ಯಾಥ್ ಲ್ಯಾಬಿನ ದೊಡ್ಡ ಮೇಜಿನ ಮೇಲೆ ಎಲ್ಲ ಡಬ್ಬಿಗಳನ್ನೂ ಇಟ್ಟು ಮುಚ್ಚಳ ತೆಗೆದೆ. ಸೋಲ್ಜರ್‌ಗಳು ಮುತ್ತಿಕೊಂಡರು. ಅಲಬಾಮಾದ ಹುಡುಗನೊಬ್ಬ ಗೊಜ್ಜನ್ನು ಜಾಮ್ ಎಂದುಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಬ್ರೆಡ್ಡಿಗೆ ಹಚ್ಚಿಕೊಂಡ.

ದುಷ್ಯಂತ್ ಅಣ್ಣ ಬರುವ ಹೊತ್ತಿಗೆ ಮುಚ್ಚಳಗಳೆಲ್ಲ ಮೇಜಿನ ಮೇಲೆ ಹರಡಿದ್ದವು. ಒಂದೊಂದರ ಮೇಲೂ ನಿಮ್ಮ ವಾರ್ಡಿನ ಬಿಳಿ ಪೇಪರ್ ಟೇಪು, ಅದರ ಮೇಲೆ ಮಾಡಿದ ತಾರೀಖು, ನಿಮ್ಮ ಇನಿಷಿಯಲ್ಸ್. ಔಷಧಿ ಬಾಟಲಿಗೆ ಅಂಟಿಸುವ ಹಾಗೆ. ನಾನು ಅದನ್ನು ಗಮನಿಸಿರಲೇ ಇಲ್ಲ. ನಿಮ್ಮ ಫ್ರಿಜ್ಜಿನಲ್ಲಿ ಎಲ್ಲಕ್ಕೂ ಹಾಗೇ ಅಂಟಿಸುತ್ತೀರಂತೆ, ಹೋಗುವ ಮೊದಲು ಅವನೇ ಹೇಳಿದ. ಅಣ್ಣ ಒಂದು ಮುಚ್ಚಳ ಎತ್ತಿಕೊಂಡು ನೋಡುತ್ತಾ ನಿಂತ.

"ಹೂ ಮೇಡ್ ದಿಸ್?"

"ಓನರ್ ಆಂಟಿ," ಎಂದೆ.

"ನಿಮ್ಮ ಓನರ್ ನರ್ಸಾ?" ಎಂದ. ಕನ್ನಡದಲ್ಲಿ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

ಸಿಕ್ಕಿಬಿದ್ದಾಗ ಕಾಲುಬೆರಳು ನೋಡುವುದು ಹಾಸ್ಟೆಲ್ ವಿದ್ಯೆ, ಅದನ್ನೇ ಮಾಡಿದೆ. ಅವನು ಮುಚ್ಚಳ ಕೆಳಗಿಟ್ಟು, "ನೀನು ನಿಶಿತಾ ಅಲ್ವಾ, ಚಿಕ್ಕಮ್ಮನ ಮಗಳು," ಎಂದ. ಹೌದೆಂದೆ.

"ನಾನಿಲ್ಲಿರೋದು ಅಮ್ಮಂಗೆ ಗೊತ್ತಾ?"

"ಮೊದಲಿಂದ ಗೊತ್ತು."

"ಅಪ್ಪಂಗೆ?"

"ಇಲ್ಲ."

ಹೊರಟು ಹೋದ. ಇವತ್ತೂ ಲ್ಯಾಬಿಗೆ ಬರಲಿಲ್ಲ.

ನಿಶಿತಾ


ಅಕ್ಟೋಬರ್ 20, 2025

ದೊಡ್ಡಮ್ಮ,

ನಿಮ್ಮ ಉತ್ತರವೂ ಇಲ್ಲ, ಫೋನೂ ಇಲ್ಲ, ಅವನೂ ಇಲ್ಲ. ಲ್ಯಾಬಿನಲ್ಲಿ ಅವನ ಕುರ್ಚಿ ಖಾಲಿ. ಹಿಂದಿನ ಸಾಲುಗಳೂ ಅರ್ಧ ಖಾಲಿ. ಅಂಗಡಿಗೆ ಬಂದ ಸೋಲ್ಜರ್ ಹುಡುಗಿಯನ್ನು ಕೇಳಿದರೆ "ಅದನ್ನೆಲ್ಲ ಹೇಳೋ ಹಾಗಿಲ್ಲ" ಎಂದಳು. ಬೇಗನೇ ಹೊರಟುಬಿಟ್ಟರಾ? ನನ್ನಿಂದ ಅವನು ಹೀಗೆ ಹೋದನೆಂದು ನೀವು ಅಂದುಕೊಂಡಿದ್ದರೆ ಹಾಗೆಂದೇ ಬರೆಯಿರಿ. ಸುಮ್ಮನಿರಬೇಡಿ.

ನಿಶಿತಾ


ಅಕ್ಟೋಬರ್ 24, 2025

ನಿಶಿ,

ನಿನ್ನ ಮೇಲೆ ಕೋಪವಿಲ್ಲ. ಬರೆದು ಬರೆದು ಹರಿದೆ. ಆ ಟೇಪು ಅಂಟಿಸಿದ್ದು ನಾನೇ ತಾನೇ. ಕೈಗೆ ಅಭ್ಯಾಸ.

ಒಂದೇ ವಿಷಯ ತಿಳಿಸು. ಹೊರಟು ಹೋದ ಎಂದು ಬರೆದೆ. ಹೋಗುವಾಗ ಡಬ್ಬಿ ಬಿಟ್ಟು ಹೋದನೋ, ತಗೊಂಡು ಹೋದನೋ?

ದೊಡ್ಡಮ್ಮ


ನವೆಂಬರ್ 2, 2025

ದೊಡ್ಡಮ್ಮ,

ತಗೊಂಡು ಹೋಗಿದ್ದ. ಅವತ್ತಿನ ಗಾಬರಿಯಲ್ಲಿ ಅದನ್ನು ಬರೆಯಬೇಕೆಂದೇ ಹೊಳೆಯಲಿಲ್ಲ. ನಿಪ್ಪಟ್ಟಿನ ಡಬ್ಬಿಗೆ ತಾನೇ ಮುಚ್ಚಳ ಹಾಕಿ ಬ್ಯಾಗಿಗೆ ಸೇರಿಸಿಕೊಂಡು ಹೋದದ್ದು.

ಅವನು ಎಲ್ಲಿಗೂ ಹೊರಟಿರಲಿಲ್ಲ. ಟ್ರೇನಿಂಗಿಗೆಂದು ಇಡೀ ಯೂನಿಟ್ಟು ಬೇಸಿನೊಳಗಿನ ಬಯಲಿನಲ್ಲಿ ಬಿಡಾರ ಹೂಡಿತ್ತಂತೆ, ಫೋನು ಸಹ ಇರಲಿಲ್ಲವಂತೆ. ಬಿಸಿಲಿಗೆ ಮುಖ ಸುಟ್ಟುಕೊಂಡು, ಹೊಗೆ ವಾಸನೆ ಹೊಡೆಯುತ್ತಾ ಮೊನ್ನೆ ಲ್ಯಾಬಿಗೆ ಬಂದ. ಡಬ್ಬಿ ತೊಳೆದು ತಂದಿದ್ದ. ಖಾಲಿ ಡಬ್ಬಿ ಕೊಡಬಾರದೆಂದು ನೀವು ಕಲಿಸಿದ್ದಿರಂತೆ, ಒಳಗೆ ಆರ್ಮಿ ರೇಷನ್ನಿನ ಬಿಸ್ಕತ್ತಿನ ಪ್ಯಾಕೆಟ್ ಹಾಕಿದ್ದ. ನಾನು ಒಂದು ತಿಂದು ನೋಡಿದೆ. ನಿಮಗೆ ಕಳಿಸುವಂಥದ್ದಲ್ಲ.

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಹದಿನೈದನೇ ತಾರೀಖು ಶನಿವಾರ ಹೊರಡ್ತೀವಿ. ಬೆಳಿಗ್ಗೆ ಫ್ಯಾಮಿಲಿ ಬರಬಹುದು. ಅಮ್ಮ ಬರೋದಾದ್ರೆ ಬರ್ಲಿ. ನಾಲ್ಕು ಜನಕ್ಕೆ ಏನು ಹೇಳ್ಲಿ ಅಂತ ಮಾತ್ರ ಕೇಳ್ಬಾರ್ದು." ಅಪ್ಪ ಎಂದು ನಾನು ಶುರುಮಾಡಿದೆ. "ಅದು ಅವರಿಷ್ಟ," ಎಂದ.

ಇನ್ನೊಂದು. ನಿನ್ನೆ ರಾತ್ರಿಯೇ ಯೋಚಿಸಿಟ್ಟಿದ್ದೆ. ಈ ಕಾಗದವನ್ನು ನಿಮ್ಮ ವಾರ್ಡಿಗೆ ಕಳಿಸುತ್ತಿಲ್ಲ. ಪೇರ್‌ಲ್ಯಾಂಡಿನ ಮನೆಗೇ ಕಳಿಸುತ್ತಿದ್ದೇನೆ. ಯಾರು ಒಡೆದು ಓದುತ್ತಾರೆ ಎಂದು ಗೊತ್ತಿದ್ದೇ ಕಳಿಸುತ್ತಿದ್ದೇನೆ. ವಾರ್ಡನ್‌ಗೆ ಹೆದರಿ ಬರೆದೂ ಬರೆದೂ ನನಗೆ ಸಾಕಾಗಿದೆ. ದೊಡ್ಡಪ್ಪ, ನಿಮಗೆ ನಮಸ್ಕಾರಗಳು. ಅಣ್ಣ ಆಲ್ಜೀಬ್ರಾ ಚೆನ್ನಾಗಿ ಹೇಳಿಕೊಡುತ್ತಾನೆ.

ನಿಶಿತಾ


ನವೆಂಬರ್ 17, 2025

ಪುಟ್ಟಿ,

ಶನಿವಾರ ನೀನು ದೂರದಿಂದ ಕೈ ಬೀಸಿ ಇರಣ್ಣನವರ ಕಾರು ಹತ್ತಿ ಹೊರಟುಹೋದೆ. ನಮ್ಮನ್ನು ನಮ್ಮಷ್ಟಕ್ಕೆ ಬಿಡಬೇಕೆಂದು ಹೋದೆ, ಗೊತ್ತು. ಹಾಗಾಗಿ ಆಮೇಲಿನದು ನಿನಗೆ ಗೊತ್ತಿಲ್ಲ.

ಮೊದಲು ಮನೆಯ ಸುದ್ದಿ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಿನ್ನ ಕಾಗದ ಒಡೆದು ಊಟದ ಮೇಜಿನ ಮೇಲಿತ್ತು. ದೊಡ್ಡಪ್ಪ ಟಿವಿ ನೋಡುತ್ತಿದ್ದರು. ನಾನೇ ಎದುರಿಗೆ ನಿಂತು, ನಾನು ಹೋಗ್ತೀನಿ ಎಂದೆ. ಮಾತಾಡಲಿಲ್ಲ. ಹತ್ತು ದಿನ ಮಾತಾಡಲಿಲ್ಲ. ನಿನ್ನನ್ನು ಬೈದುಕೊಂಡೆ, ನಿಜ. ಶನಿವಾರ ಬೆಳಿಗ್ಗೆ ನೋಡಿದರೆ ನನ್ನ ಕಾರಿಗೆ ಪೆಟ್ರೋಲ್ ಫುಲ್ ಆಗಿತ್ತು, ಮುಂದಿನ ಗಾಜು ಒರೆಸಿತ್ತು. ಅವರು ಗ್ಯಾರೇಜಿನಲ್ಲಿ ಏನೋ ಹುಡುಕುವವರ ಹಾಗೆ ಬೆನ್ನು ಹಾಕಿ ನಿಂತಿದ್ದರು. ಬರ್ತೀರಾ ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು.

ಬೇಸಿನಲ್ಲಿ ಸೋಲ್ಜರ್‌ಗಳ ಬ್ಯಾಗುಗಳನ್ನು ಸಾಲಾಗಿ ಇಡಿಸಿ, ಬಸ್ ಬರುವವರೆಗೆ ಫ್ಯಾಮಿಲಿ ಜೊತೆ ಇರಿ ಎಂದು ಬಿಟ್ಟರು. ಅವನು ನಡೆದು ಬಂದ. ಸಣ್ಣಗಾಗಿಲ್ಲ, ಭುಜ ಅಗಲವಾಗಿದೆ. "ಅಮ್ಮ, ನಿನ್ನೆಯಿಂದ ಸಾಮಾನು ತುಂಬಿ ತುಂಬಿ ಸಾಕಾಗಿದೆ, ಕಾರಲ್ಲಿ ಕೂರೋಣ್ವಾ," ಎಂದ. ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತೆವು. ಎಸಿ ಹಾಕಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಡಲ್ಲಾಸಿನ ಆ ರೂಮಿನ ಬಗ್ಗೆ ಕೇಳಬೇಕು, ಬಾಗಿಲಲ್ಲಿ ನಾನು ಆಡಿದ ಮಾತಿಗೆ ತಪ್ಪಾಯಿತು ಅನ್ನಬೇಕು. ತಪ್ಪಾಯಿತು ಅನ್ನುವುದೊಂದನ್ನು ಹೇಳಿದೆ. "ಹೂಂ," ಅಂದ. ನೋಡಿದರೆ ನನ್ನ ಭುಜಕ್ಕೆ ತಲೆ ಆನಿಸಿ ನಿದ್ದೆ ಹೋಗಿದ್ದ.

ಎಬ್ಬಿಸಲಿಲ್ಲ. ಕೈ ತಾನಾಗಿ ಅವನ ಮಣಿಕಟ್ಟಿಗೆ ಹೋಯಿತು. ನಾಡಿ ಚೆನ್ನಾಗಿತ್ತು.

ಅಷ್ಟರಲ್ಲಿ ಫೋನ್ ಅದುರಿತು. ದೊಡ್ಡಪ್ಪ. ಇನ್ನೊಂದು ಕೈಯಲ್ಲಿ ಎತ್ತಿ, ಪಿಸುಮಾತಿನಲ್ಲಿ, ಮಲಗಿದ್ದಾನೆ ಎಂದೆ. ಆ ಕಡೆ ಟಿವಿಯ ಸದ್ದು ನಿಂತಿತು.

"ಬಸ್ ಬಂತಾ?" ಎಂದರು.

"ಇಲ್ಲ."

"ಎಬ್ಬಿಸ್ಬೇಡ ದುಷ್ಯಂತನ್ನ," ಎಂದರು. "ಬಸ್ ಬರೋವರೆಗೂ ಮಲಗ್ಲಿ."

ಫೋನ್ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ನಾನೂ ಇಡಲಿಲ್ಲ. ಫೋನನ್ನು ಸೀಟಿನ ಮೇಲೆ, ಅವನು ಉಸಿರಾಡುವುದು ಕೇಳಿಸುವಷ್ಟು ಹತ್ತಿರಕ್ಕೆ ಇಟ್ಟೆ.

ದೊಡ್ಡಮ್ಮ